ಇಬ್ಬರಿಗೊಂದು ಮೇಜು

ಟಯರ್ ಅಂಗಡಿಯಲ್ಲಿ ಕೂತು ಕಾಫಿ ಕುಡಿಯಬೇಕಾಗಿ ಬಂತಲ್ಲ ಎಂಬುದು ಯಾಪ್‌ನ ಅವತ್ತಿನ ಮೊದಲನೆಯ ಸಿಟ್ಟು. ಹೊರಗೆ ಹಳೆಯ ಬೋರ್ಡು ಹಾಗೇ ಇತ್ತು, 'ಲೀ ಸಹೋದರರು, ಟಯರು ಮತ್ತು ಬ್ಯಾಟರಿ' ಎಂದು ಎರಡು ಭಾಷೆಯಲ್ಲಿ, ತುಕ್ಕಿನ ಸಮೇತ. ಒಳಗೆ ಮಾತ್ರ ಲೀ ಇರಲಿಲ್ಲ, ಟಯರೂ ಇರಲಿಲ್ಲ. ತಾನು ಕಲಿಸುವ ಡ್ರೈವಿಂಗ್ ಸ್ಕೂಲಿನ ಕಾರಿಗೆ ಇಪ್ಪತ್ತೆರಡು ವರ್ಷ ಅವನು ಪಂಕ್ಚರ್ ಹಾಕಿಸಿದ್ದು ಇದೇ ನೆಲದ ಮೇಲೆ. ಜ್ಯಾಕ್ ಇಡುತ್ತಿದ್ದ ಜಾಗದಲ್ಲಿ ಈಗ ಮೊಣಕಾಲು ಗದ್ದಕ್ಕೆ ಬಡಿಯುವಷ್ಟು ತಗ್ಗಿನ ಒಂದು ಬೆಂಚು. ಗೋಡೆಯ ಗಾರೆಯನ್ನು ಬೇಕೆಂದೇ ಕೆರೆದು ಇಟ್ಟಿಗೆ ಕಾಣಿಸಿದ್ದರು. ಇದ್ದ ಗಾರೆಯನ್ನು ಕಾಸು ಕೊಟ್ಟು ಕೀಳಿಸುವವರ ಬುದ್ಧಿಗೆ ಏನೆನ್ನಬೇಕೋ ಅವನಿಗೆ ತಿಳಿಯಲಿಲ್ಲ. ತಾಮನ್ ಸೆರೂನಿಯ ಈ ನಾಲ್ಕು ಬೀದಿಗಳಿಗೆ ಎರಡು ವರ್ಷದಿಂದ ಅದೇನೋ ಹುಚ್ಚು ಹಿಡಿದಿತ್ತು. ಹೊಲಿಗೆ ಅಂಗಡಿ ಕೆಫೆ, ತಗಡಿನ ಅಂಗಡಿ ಕೆಫೆ, ಶವಪೆಟ್ಟಿಗೆ ಮಾಡುತ್ತಿದ್ದವನ ಅಂಗಡಿಯೂ ಕೆಫೆ. ಕೌಲಾಲಂಪುರದ ಆ ಕೊನೆಯಿಂದ ಹುಡುಗ ಹುಡುಗಿಯರು ಕಾರು ಹಾಕಿಕೊಂಡು ಬಂದು, ಚರಂಡಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಇಲ್ಲಿನ ಚೀನೀ ಮನೆಯೊಂದರಲ್ಲೇ ಹುಟ್ಟಿದ ಯಾಪ್‌ಗೆ ಆ ಚರಂಡಿಯಲ್ಲಿ ಫೋಟೋಕ್ಕೆ ಯೋಗ್ಯವಾದದ್ದು ಏನೂ ಅರವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ.

"ಸ್ಕ್ಯಾನ್ ಮಾಡಿ ಅಂಕಲ್" ಎಂದಳು ಏಪ್ರನ್ ಹಾಕಿದ ಹುಡುಗಿ, ಮೇಜಿನ ಮೇಲೆ ಅಂಟಿಸಿದ ಕಪ್ಪು ಚೌಕವನ್ನು ತೋರಿಸಿ.

"ನೀನು ಎದುರಿಗೇ ನಿಂತಿದೀಯಲ್ಲಮ್ಮ, ನಿಂಗೇ ಹೇಳಿದ್ರೆ ಆಗಲ್ವಾ?"

"ಆಗುತ್ತೆ. ಆದ್ರೆ ನಾನೂ ಆಮೇಲೆ ಅದರಲ್ಲೇ ಒತ್ತಬೇಕು."

"ಸರಿ, ಅದು ಬಿಡು. ಬಾಗಿಲಲ್ಲಿ ಹಂದಿ ಇಲ್ಲ, ಹಂದಿಕೊಬ್ಬು ಇಲ್ಲ ಅಂತ ಬರೆದಿದೀರಲ್ಲ. ಹಂಗಂದ್ರೆ ಹಲಾಲಾ?"

ಹುಡುಗಿ ಕೌಂಟರಿನ ಕಡೆ ನೋಡಿದಳು. ಅಲ್ಲಿದ್ದ ಗಡ್ಡದ ಹುಡುಗ ಕಾಫಿ ಯಂತ್ರದ ಹಿಂದಿನಿಂದಲೇ ಹೇಳಿದ: "ಹಂದಿ ಇಲ್ಲ ಅಂಕಲ್."

"ಅದು ನಂಗೂ ಓದೋಕೆ ಬರುತ್ತಪ್ಪ. ಹಲಾಲಾ ಅಂತ ಕೇಳಿದ್ದು."

"ಮಲಯ್ ಜನ ಬರ್ತಾರೆ ಅಂಕಲ್. ಕೆಲವರು ಬರ್ತಾರೆ, ಕೆಲವರು ಬರಲ್ಲ."

ಇದು ಉತ್ತರವೇ? ಲೈಸೆನ್ಸಿಗೆ ಬಂದ ಹುಡುಗನನ್ನು ಕೆಂಪು ದೀಪಕ್ಕೆ ಏನು ಮಾಡ್ತೀಯ ಅಂತ ಕೇಳಿದರೆ, ಕೆಲವರು ನಿಲ್ಲಿಸ್ತಾರೆ ಕೆಲವರು ನಿಲ್ಲಿಸಲ್ಲ ಅಂದ ಹಾಗಾಯಿತು. ಯಾಪ್ ಎದ್ದು ಗಾಜಿನ ಪೆಟ್ಟಿಗೆಯಲ್ಲಿದ್ದ ಕೇಕುಗಳನ್ನು ಒಂದೊಂದಾಗಿ ವಿಚಾರಿಸಿದ. ಒಂದರಲ್ಲಿ ರಮ್ ಇತ್ತು, ಸ್ವಲ್ಪವೇ. ಇನ್ನೊಂದರಲ್ಲಿ ಜೆಲಾಟಿನ್ ಇತ್ತು. ಅದು ಯಾವ ಪ್ರಾಣಿಯದು ಎಂದು ಹುಡುಗನಿಗೆ ಗೊತ್ತಿರಲಿಲ್ಲ, ಪ್ರಾಣಿಯದು ಎಂಬುದೇ ಈಗ ಗೊತ್ತಾಗುತ್ತಿದ್ದ ಹಾಗಿತ್ತು. ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಬಿಯರ್ ಬಾಟಲಿಗಳು ಸಾಲಾಗಿ ನಿಂತಿದ್ದವು. ಹದಿನಾಲ್ಕು ರಿಂಗಿಟ್ಟಿನ ಹುಳಿ ಕಾಫಿಯನ್ನು ಔಷಧಿಯ ಹಾಗೆ ಕುಡಿದು ಹೊರಬಂದ. ಆಗಲೇ ಹನ್ನೊಂದಾಗಿತ್ತು. ನಾಲ್ಕು ಗಂಟೆಗೆ ಮಗಳು ಬರುವವಳಿದ್ದಳು, ಎರಡು ವರ್ಷದ ಮೇಲೆ, ಮತ್ತು ಅವಳನ್ನು ಕೂರಿಸಿ ತಿನ್ನಿಸಲು ಹುಟ್ಟಿದೂರಿನಲ್ಲಿ ಅವನಿಗೆ ಒಂದು ಮೇಜು ಸಿಕ್ಕಿರಲಿಲ್ಲ.

ಮೊಬೈಲಿನಲ್ಲಿ ಆ ಸಂದೇಶ ಇನ್ನೂ ಇತ್ತು. ಮೂರು ದಿನದಲ್ಲಿ ನೂರು ಸಲ ತೆಗೆದು ನೋಡಿದ್ದ. 'ಪಾ, ಶನಿವಾರ ಆ ಕಡೆ ಬರ್ತೀನಿ. ನಾಲ್ಕು ಗಂಟೆಗೆ ಸಿಗ್ತೀಯಾ? ಎಲ್ಲಾದ್ರೂ ಸರಿ.' ಎಲ್ಲಾದ್ರೂ ಸರಿ ಎಂಬ ಮಾತೇ ಅವನನ್ನು ಕೊರೆಯುತ್ತಿತ್ತು. ಎಲ್ಲಾದರೂ ಸರಿ ಎನ್ನುವವಳಿಗೆ ಎಲ್ಲಿ ಸರಿ ಎಂದು ಹುಡುಕುವುದು ಎಷ್ಟು ಕಷ್ಟವೆಂದು ಗೊತ್ತಿದ್ದರೆ ಹಾಗೆ ಬರೆಯುತ್ತಿದ್ದಳೇ? ಅಥವಾ ಗೊತ್ತಿದ್ದೇ ಬರೆದಳೇ? ಹೆಂಡತಿ ಯೋಕ್ ಲಾನ್‌ಗೆ ತೋರಿಸಿದರೆ ಅವಳು ಬಟ್ಟೆ ಮಡಚುತ್ತಲೇ, "ಮನೆಗೇ ಕರೀಬಹುದಲ್ಲ. ಹೊಸ ಪಾತ್ರೆ ತಂದ್ರಾಯ್ತು" ಎಂದಿದ್ದಳು, ಮಗಳು ನಿನ್ನೆ ತಾನೇ ಬಂದು ಹೋದಷ್ಟು ಸಲೀಸಾಗಿ. ಅವನು ಹಾರಾಡಿದ್ದ. ಈ ಅಡುಗೆಮನೆಯಲ್ಲಾ? ಮೂವತ್ತು ವರ್ಷ ಹಂದಿ ಬೆಂದ ಒಲೆಯ ಮೇಲಾ? ಅವಳು ಮೂಗು ಮುಚ್ಚಿಕೊಂಡು ಕೂರೋದನ್ನ ನಾನು ನೋಡ್ಬೇಕಾ? "ಅವಳ್ಯಾಕೆ ಮೂಗು ಮುಚ್ಕೊಳ್ತಾಳೆ? ಅದೇ ಒಲೆ ಮೇಲೆ ಬೇಯಿಸಿದ್ದನ್ನ ತಿಂದು ಬೆಳೆದೋಳು" ಎಂದಳು ಯೋಕ್ ಲಾನ್. "ಹೋಗಲಿ, ನೀನಾದ್ರೂ ಬಾ" ಎಂದರೆ, "ಬೇಡಪ್ಪ. ನಾನು ಬಂದ್ರೆ ಅವಳ ಮೇಲಿನ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸ್ಕೋತೀಯ. ಅಪ್ಪ ಮಗಳು ನೀವಿಬ್ರೇ ಮಾತಾಡಿ" ಎಂದು ಮಡಚಿದ ಬಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು.

ಮೂಲೆಯಲ್ಲಿ ಹಳೇ ಕಾಫಿ ಅಂಗಡಿ ಬಂತು. ಅದರ ಮುಂದೆ ಹಾಯಬಾರದೆಂದು ಯಾಪ್ ರಸ್ತೆ ದಾಟಿ, ನೆರಳಿದ್ದ ಕಡೆಯಿಂದ ಬಿಸಿಲಿದ್ದ ಕಡೆಗೆ ಹೋದ. ಆ ಅಂಗಡಿಯ ಬಲಗಡೆಯ ಒಲೆಯಲ್ಲಿ ಹಂದಿ ನೂಡಲ್ಸ್ ಮಾಡುವ ಆಹ್ ಫಾತ್ ಅವನನ್ನು ಕಂಡರೆ ಕೂಗದೆ ಬಿಡುವವನಲ್ಲ, ಕೂಗಿದರೆ ಮಗಳ ಸುದ್ದಿ ಎತ್ತದೆ ಬಿಡುವವನಲ್ಲ. ಆದರೂ ಬಿಸಿಲಿನಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದವನನ್ನು ಇಡೀ ಬೀದಿಗೆ ಕೇಳುವಂತೆ ಆಹ್ ಫಾತ್ ಕರೆದೇ ಕರೆದ: "ಏನ್ ಮೇಷ್ಟ್ರೇ, ನಮ್ಮನ್ನ ಮರೆತೇಬಿಟ್ರಾ? ಹೊಸ ಕೆಫೇಲಿ ಹುಲ್ಲು ತಿಂತಿದೀರಂತೆ!" ಯಾಪ್ ಕೈಯೆತ್ತಿ ಏನೋ ಗೊಣಗಿ ಬಿರಬಿರನೆ ನಡೆದ. ಮಗಳು ಪುಯ್ ಲೆಂಗ್ ಆರು ವರ್ಷದವಳಿದ್ದಾಗಿನಿಂದ ಪ್ರತಿ ಭಾನುವಾರ ಅಪ್ಪ ಮಗಳು ಅಲ್ಲೇ ತಿನ್ನುತ್ತಿದ್ದರು. ಪುಯ್ ಲೆಂಗ್‌ಗೆ ಅಂತ ಆಹ್ ಫಾತ್ ಕೇಳದೆಯೇ ಕರಿದ ಕೊಬ್ಬಿನ ತುಣುಕು ಹೆಚ್ಚಿಗೆ ಹಾಕುತ್ತಿದ್ದ. ಕಾಲು ನೆಲಕ್ಕೆ ಮುಟ್ಟದ ಕುರ್ಚಿಯಲ್ಲಿ ಕೂತು ಅವಳು ಮೊದಲು ಆ ತುಣುಕುಗಳನ್ನೆಲ್ಲ ಆರಿಸಿ ಅಂಚಿಗೆ ಸೇರಿಸಿ, ಕೊನೆಗೆಂದು ಉಳಿಸಿಕೊಳ್ಳುತ್ತಿದ್ದಳು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅದೇ ಕುರ್ಚಿಯಲ್ಲಿ ಕೂತು, ಅಫೆಂದಿ ಎಂಬ ಮಲಯ್ ಮುಸ್ಲಿಮನನ್ನು ಮದುವೆಯಾಗುತ್ತೇನೆ, ಅದಕ್ಕೆ ಮೊದಲು ಅವನ ಧರ್ಮಕ್ಕೆ ಸೇರುತ್ತೇನೆ, ಬರುವ ತಿಂಗಳು, ಎಂದು ಹೇಳಿ ಮುಗಿಸುವಾಗ ಬಟ್ಟಲು ಬಂದಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಯಾಪ್ ಬಟ್ಟಲನ್ನು ಅವಳ ಎದೆಗೆ ತಾಗುವಷ್ಟು ಮುಂದಕ್ಕೆ ತಳ್ಳಿದ. ತಿನ್ನು. ಪಾ, ನಂಗೆ ಇವತ್ತು... ನನ್ನ ಮಗಳಾಗಿದ್ರೆ ಇದನ್ನ ತಿಂದು ಏಳು, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು. ಪಕ್ಕದ ಮೇಜಿನವರು ಮಾತು ನಿಲ್ಲಿಸಿದ್ದರು. ಅವಳು ತಿಂದಳು. ಕಣ್ಣು ಮೂಗು ಸುರಿಯುತ್ತಿದ್ದಂತೆಯೇ, ಒರೆಸಿಕೊಳ್ಳದೆ, ಸಾರಿನ ಕೊನೆಯ ಚಮಚದವರೆಗೂ ತಿಂದಳು. ಮುಗಿಸಿ, ಚಿಕ್ಕವಳಿದ್ದಾಗ ಹಾಲು ಕುಡಿದ ಲೋಟ ತೋರಿಸುತ್ತಿದ್ದ ಹಾಗೆ ಬಟ್ಟಲನ್ನು ಅವನ ಕಡೆ ವಾಲಿಸಿ ತೋರಿಸಿದಳು. ಎದ್ದು ಹೋದಳು. ಆಗ ತಾನು ಗೆದ್ದೆ ಎಂದುಕೊಂಡದ್ದು, ಅಷ್ಟೇ ಅಲ್ಲ, ಇನ್ನೊಂದು ಕಾಫಿ ತರಿಸಿ ಕುಡಿದದ್ದು ನೆನಪಾದಾಗಲೆಲ್ಲ ಯಾಪ್‌ಗೆ ನಡುರಸ್ತೆಯಲ್ಲೂ ಬಾಯಿಂದ ಸದ್ದು ಹೊರಡುತ್ತಿತ್ತು. ಈಗಲೂ ಹೊರಟಿತು. ಎದುರಿಗೆ ಬರುತ್ತಿದ್ದ ಹೆಂಗಸು ಪಕ್ಕಕ್ಕೆ ಸರಿದಳು.

ಮದುವೆಗೆ ಅವನು ಹೋಗಲಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ, ಮಗಳು ಕೆಲಸಕ್ಕೆ ಅಂತ ಜೊಹೊರ್ ಕಡೆ ಹೋಗಿದಾಳೆ ಅಂದುಬಿಟ್ಟಿದ್ದ. ಆ ಸುಳ್ಳಿನ ಬಾಲ ನಿನ್ನೆ ರೊಕಿಯಾಳ ಮೇಜಿನ ಮುಂದೆ ಅವನ ಕಾಲಿಗೇ ಸುತ್ತಿಕೊಂಡಿತ್ತು. ರೊಕಿಯಾ ಆಫೀಸಿನ ಗುಮಾಸ್ತೆ, ಮಲಯ್ ಮುಸ್ಲಿಂ, ಹದಿನೆಂಟು ವರ್ಷದಿಂದ ಎದುರುಬದುರು ಕೂತವರು. ಪುಯ್ ಲೆಂಗ್‌ಗೆ ಲೈಸೆನ್ಸ್ ಸಿಕ್ಕ ದಿನ ಇಡೀ ಆಫೀಸಿಗೆ ತೆಂಗಿನಕಾಯಿ ಅನ್ನ ಮಾಡಿಕೊಂಡು ಬಂದವಳು. "ರೊಕಿಯಕ್ಕ, ನಿಮ್ಮೋರನ್ನ ಊಟಕ್ಕೆ ಕರಿಯೋದಾದ್ರೆ ಅಂಗಡಿ ಸರಿ ಇದೆಯೋ ಇಲ್ವೋ ಅಂತ ತಿಳ್ಕೊಳ್ಳೋದು ಹೇಗೆ?" ಎಂದು ಕೇಳಿದ್ದ. "ಬೋರ್ಡ್ ನಂಬಬೇಡಿ ಮೇಷ್ಟ್ರೇ. ಗೋಡೆ ಮೇಲೆ ಸರ್ಟಿಫಿಕೇಟ್ ಇದೆಯಾ ನೋಡಿ. ತಾರೀಖು ಮುಗಿದಿದೆಯಾ ನೋಡಿ. ಬಿಯರ್ ಮಾರ್ತಾರಾ ನೋಡಿ. ಅದೆಲ್ಲ ಆದ್ಮೇಲೆ ಅಡುಗೆಮನೇಲಿ ಯಾರಿದಾರೆ ಅಂತ ಒಂದ್ಸಲ ಇಣುಕಿ. ಯಾರನ್ನ ಕರೀತಿದೀರ?" "ಒಬ್ಬ ಸ್ಟೂಡೆಂಟು." "ಓ, ಸ್ಟೂಡೆಂಟು" ಎಂದು ರೊಕಿಯಾ ಕನ್ನಡಕದ ಮೇಲಿನಿಂದ ಅವನನ್ನು ಒಂದು ಕ್ಷಣ ಹೆಚ್ಚಿಗೆ ನೋಡಿ, ಮತ್ತೇನೂ ಕೇಳದೆ ಫೈಲಿಗೆ ತಿರುಗಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಯಾಪ್ ಕೂಡಲೇ, "ಹುಡುಗ. ಹುಡುಗ ಸ್ಟೂಡೆಂಟು" ಎಂದು ಸೇರಿಸಿದ್ದ.

ಮಧ್ಯಾಹ್ನ ಒಂದು ಗಂಟೆಯೊಳಗೆ ಅವನು ಇನ್ನೂ ಮೂರು ಕಡೆ ಹೋಗಿ ನೋಡಿದ. ಹೊಲಿಗೆ ಅಂಗಡಿಯ ಕೆಫೆಯಲ್ಲಿ ನಾಯಿಗಳಿಗೂ ಕುರ್ಚಿ ಇತ್ತು, ಅಲ್ಲಿ ಕೇಳುವುದೇ ಬೇಡ ಎನಿಸಿತು. ತಗಡಿನ ಅಂಗಡಿಯ ಕೆಫೆಯಲ್ಲಿ ಸರ್ಟಿಫಿಕೇಟ್ ಅರ್ಜಿ ಹಾಕಿದೀವಿ, ಬರುತ್ತೆ ಎಂದರು. ಶವಪೆಟ್ಟಿಗೆಯವನ ಅಂಗಡಿಗೆ ಅವನು ಒಳಗೇ ಹೋಗಲಿಲ್ಲ. ಅಪ್ಪನ ಪೆಟ್ಟಿಗೆಯನ್ನು ಚೌಕಾಸಿ ಮಾಡಿದ ಜಾಗದಲ್ಲಿ ಮಗಳಿಗೆ ಕೇಕು ತಿನ್ನಿಸುವಷ್ಟು ಅವನಿನ್ನೂ ಸುಧಾರಿಸಿರಲಿಲ್ಲ. ಒಳಗೆ ಹೋದ ಕಡೆಯೆಲ್ಲ ಏನಾದರೂ ಕೊಳ್ಳದೆ ಕೇಳಲು ಸಂಕೋಚ, ಕೊಂಡದ್ದನ್ನು ಬಿಡಲು ಮನಸ್ಸಿಲ್ಲ. ಕೊನೆಗೆ ಬಸ್ ನಿಲ್ದಾಣದ ಪಕ್ಕದ ತಮಿಳು ಮುಸಲ್ಮಾನರ ಅಂಗಡಿಗೆ ಹೋದ. ಅಲ್ಲಿ ಹಗಲು ರಾತ್ರಿ ಪರೋಟ ಬಡಿಯುವ ಸದ್ದು, ಟೀವಿಯಲ್ಲಿ ಯಾವ ದೇಶದ್ದೋ ಫುಟ್‌ಬಾಲು, ಟೈಲ್ಸ್ ನೆಲದ ಮೇಲೆ ಲಾರಿಯವರ ಚಪ್ಪಲಿಯ ಗುರುತು. ಮಾಲೀಕ ಸಾದಿಕ್ ಎತ್ತರದಿಂದ ಚಹಾ ಸುರಿಯುತ್ತಲೇ, "ಬನ್ನಿ ಬಾಸ್, ಬನ್ನಿ" ಎಂದ. ಯಾಪ್ ಗೋಡೆಗಳನ್ನೆಲ್ಲ ನೋಡಿದ. ಮೆಕ್ಕಾದ ಚಿತ್ರವಿತ್ತು, ಕ್ಯಾಲೆಂಡರಿತ್ತು, ಸಾದಿಕನ ಅಪ್ಪನ ಫೋಟೋ ಇತ್ತು.

"ಸರ್ಟಿಫಿಕೇಟ್ ಎಲ್ಲಿದೆ?"

"ಯಾವ ಸರ್ಟಿಫಿಕೇಟು?"

"ಹಲಾಲ್ ಸರ್ಟಿಫಿಕೇಟು."

ಸಾದಿಕ್ ಚಹಾ ಸುರಿಯುವುದನ್ನು ನಿಲ್ಲಿಸಿದ. ಪರೋಟದವನೂ ಬಡಿಯುವುದನ್ನು ನಿಲ್ಲಿಸಿದ. "ಬಾಸ್, ನಮ್ಮಜ್ಜನ ಕಾಲದಿಂದ ಇಲ್ಲಿ ಅಂಗಡಿ ಇಟ್ಕೊಂಡಿದೀವಿ. ಐದು ಹೊತ್ತು ನಮಾಜ್ ಮಾಡ್ತೀನಿ. ನೀವು ಬಂದು ನನ್ನ ಹತ್ರ ಹಲಾಲ್ ಸರ್ಟಿಫಿಕೇಟ್ ಕೇಳ್ತೀರಾ? ಗಡ್ಡ ಕಾಣಿಸ್ತಾ ಇಲ್ವಾ?"

"ಅಲ್ಲಪ್ಪ, ತಪ್ಪು ತಿಳ್ಕೋಬೇಡ. ಗಡ್ಡ ಟಯರ್ ಅಂಗಡಿ ಹುಡುಗನಿಗೂ ಇತ್ತು."

ಮೂಲೆಯಲ್ಲಿ ಕೂತಿದ್ದ ಲಾರಿಯವರು ಗೊಳ್ಳೆಂದು ನಕ್ಕರು. ಒಬ್ಬನಂತೂ, "ಸಾದಿಕ್ ಅಣ್ಣೆ, ಗಡ್ಡಕ್ಕೂ ಒಂದು ಸೀಲ್ ಹೊಡೆಸ್ಕೊಳ್ಳಿ" ಎಂದ. ಯಾಪ್‌ನ ಕಿವಿ ಬಿಸಿಯಾಯಿತು. ಒಂದು ಲೋಟ ಚಹಾ ಕುಡಿದು, ಚೆನ್ನಾಗಿದೆ ಎಂದು ಎರಡು ಸಲ ಹೇಳಿ ಎದ್ದ. ನಿಜ ಹೇಳಬೇಕೆಂದರೆ ಜಾಗ ಅದೇ ಸರಿಯಾಗಿತ್ತು. ಕೇಳುವುದೇ ಬೇಕಿರಲಿಲ್ಲ. ಆದರೆ ಎರಡು ವರ್ಷದ ಮೇಲೆ ಬರುವ ಮಗಳನ್ನು ಲಾರಿಯವರ ನಡುವೆ, ಒದ್ದೆ ಮೇಜಿನ ಮುಂದೆ ಕೂರಿಸುವುದೇ? ಅಪ್ಪನ ಯೋಗ್ಯತೆ ಇಷ್ಟೇ ಎಂದುಕೊಳ್ಳುವುದಿಲ್ಲವೇ? ಅವಳ ಮಾವನ ಮನೆಯವರು ದೊಡ್ಡ ಹೋಟೆಲುಗಳಲ್ಲಿ ತಿನ್ನಿಸುತ್ತಾರೋ ಏನೋ. ತಾನು ಕಮ್ಮಿಯಾಗಬಾರದು ಎಂಬ ಹಟ ಅವನನ್ನು ಬಿಸಿಲಿನಲ್ಲಿ ಮತ್ತೊಂದು ಬೀದಿಗೆ ತಳ್ಳಿತು.

ಎರಡೂವರೆಗೆ, ಕಾಲು ಸೋತು ಇನ್ನು ಸಾಕೆನಿಸುವ ಹೊತ್ತಿಗೆ, ಮಸೀದಿಯ ಹಿಂದಿನ ಒನ್‌ವೇ ರಸ್ತೆಯಲ್ಲಿ ಅದು ಸಿಕ್ಕಿತು. ಮೊದಲು ಅದು ಹಲ್ಲಿನ ಡಾಕ್ಟರ ಕ್ಲಿನಿಕ್ ಆಗಿತ್ತು. ಈಗ ಇಬ್ಬರು ಮಲಯ್ ಅಕ್ಕತಂಗಿಯರ ಕೆಫೆ, ಕುರ್ಚಿಗಳು ಕುರ್ಚಿಯಷ್ಟೇ ಎತ್ತರ, ಮೆನು ಕಾಗದದ ಮೇಲೆ. ಗೋಡೆಯ ಮೇಲೆ ಚೌಕಟ್ಟು ಹಾಕಿದ ಸರ್ಟಿಫಿಕೇಟ್. ಯಾಪ್ ಅದರ ಮುಂದೆ ನಿಂತು ಕನ್ನಡಕ ಏರಿಸಿ ತಾರೀಖು ಓದಿದ, ನಂಬರು ಓದಿದ, ಫೋಟೋ ತೆಗೆದು ರೊಕಿಯಾಳಿಗೆ ಕಳಿಸಿದ. ಅಡುಗೆಮನೆಯ ಬಾಗಿಲಿನಲ್ಲಿ ಇಣುಕಿದ. ಕೌಂಟರಿನ ಹುಡುಗಿ ಮೆಲ್ಲಗೆ ಅಕ್ಕನನ್ನು ಕರೆದು ತಂದಳು. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು, ತೀರ ವಿನಯದಿಂದ, "ಅಂಕಲ್, ಹಲಾಲ್ ಆಫೀಸಿಂದ ಬಂದಿದೀರಾ? ಹೋದ ವಾರ ತಾನೇ ಬಂದು ಫ್ರಿಜ್ ಎಲ್ಲ ನೋಡ್ಕೊಂಡು ಹೋದ್ರಲ್ಲ" ಎಂದಳು.

"ಅಯ್ಯೋ ಇಲ್ಲಮ್ಮ. ನನ್ನ ಮಗಳು ಬರ್ತಾಳೆ." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಎರಡು ವರ್ಷದಲ್ಲಿ ಹೊರಗಿನವರೊಬ್ಬರಿಗೆ ಆಡಿದ ಮೊದಲ ನಿಜ ಅದು. "ಮಗಳು ಮುಸ್ಲಿಂ. ನಾನಲ್ಲ. ಅದಕ್ಕೆ ಸ್ವಲ್ಪ ನೋಡ್ತಿದ್ದೆ."

"ಓ" ಎಂದಳು ಅಕ್ಕ. ಅವಳ ಮುಖ ಸಡಿಲಾಯಿತು. "ಕಿಟಕಿ ಪಕ್ಕದ ಮೇಜು ಇಟ್ಟಿರ್ತೀನಿ ಅಂಕಲ್. ಅವರಿಗೇನಿಷ್ಟ?"

ಏನಿಷ್ಟ? ಕರಿದ ಕೊಬ್ಬಿನ ತುಣುಕು. ಯಾಪ್ ಮೆನುವಿನ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆಯುತ್ತ ಹೋದ, ನಿಲ್ಲಿಸಲು ಆಗಲಿಲ್ಲ. ಕೋಳಿ ಕರಿಪಫ್, ಸೀಗಡಿ ನೂಡಲ್ಸ್, ಪಂಡನ್ ಕೇಕು, ಬಾಳೆಹಣ್ಣಿನ ಬೋಂಡ, ದನದ ಮಾಂಸದ ಪಲ್ಯದ ಜೊತೆ ಅಂಟನ್ನ. "ಎಲ್ಲ ನಾಲ್ಕು ಗಂಟೆಗೆ ಸರಿಯಾಗಿ ಬಿಸಿಬಿಸಿ ಇರ್ಬೇಕು." ಮಗಳಿಗೆ ವಿಳಾಸ ಕಳಿಸುವಷ್ಟರಲ್ಲಿ ರೊಕಿಯಾಳ ಉತ್ತರ ಬಂತು: 'ಚೆನ್ನಾಗಿದೆ ಮೇಷ್ಟ್ರೇ. ನಿಮ್ಮ ಹುಡುಗ ಸ್ಟೂಡೆಂಟಿಗೆ ನನ್ನ ಸಲಾಂ ಹೇಳಿ.'

ಪುಯ್ ಲೆಂಗ್ ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಬಂದಳು. ಬೂದು ಬಣ್ಣದ ಸ್ಕಾರ್ಫು ತಲೆಯನ್ನೂ ಕಿವಿಯನ್ನೂ ಮುಚ್ಚಿತ್ತು. ಬಾಗಿಲಲ್ಲಿ ನಿಂತ ಆ ಕ್ಷಣ ಯಾಪ್ ಅವಳನ್ನು ಬೇರೆ ಯಾರೋ ಎಂದುಕೊಂಡು ಅವಳ ಹಿಂದೆ ನೋಡಿದ. ಮುಖ ತುಂಬಿಕೊಂಡಿತ್ತು, ಕಣ್ಣ ಕೆಳಗೆ ಕಪ್ಪು. ಅವಳಿಗೆ ಅವನು ಹಿಂದೆ ನೋಡಿದ್ದು ಗೊತ್ತಾಯಿತು. "ಪಾ, ನಾನೇ" ಎಂದಳು. ಕೂತು, ಎಲ್ಲ ಚೀನೀಯರ ಮನೆಯಲ್ಲೂ ಕೇಳುವ ಹಾಗೆ, "ಊಟ ಆಯ್ತಾ?" ಎಂದಳು. ಆಯ್ತು ಎಂದ ಯಾಪ್, ಆಗಿರಲಿಲ್ಲ. ಅಷ್ಟರಲ್ಲಿ ತಟ್ಟೆಗಳು ಬರತೊಡಗಿದವು. ಒಂದರ ಹಿಂದೆ ಒಂದು ಬಂದು ಮೇಜು ತುಂಬಿ, ನೀರಿನ ಲೋಟ ಇಡಲೂ ಜಾಗವಿಲ್ಲದಾಯಿತು.

"ಇಷ್ಟೊಂದಾ ಪಾ?"

"ತಿನ್ನು. ಎಲ್ಲ ನಿಂಗೆ ಆಗೋದೇ. ಸರ್ಟಿಫಿಕೇಟ್ ಅಲ್ಲಿದೆ ನೋಡು, ತಾರೀಖೂ ಇದೆ."

ಅವಳು ತಿರುಗಿ ಗೋಡೆ ನೋಡಿ ನಕ್ಕಳು. ನೋಯಿಸದ ನಗೆ ಅದು, ಅವನಿಗೆ ಅಷ್ಟು ತಿಳಿಯಿತು. "ನೋಡಿದೆ. ನೀನು ಬೆಳಗಿಂದ ಅಲೆದಿದೀಯ ಅಲ್ವಾ? ಕಾಲು ಊದಿದೆ." ಅಮ್ಮ ಹೇಗಿದಾಳೆ ಎಂದು ಅವಳು ಕೇಳಲಿಲ್ಲ, ಅವನು ಅದನ್ನು ಆಗ ಗಮನಿಸಲೂ ಇಲ್ಲ. ಡ್ರೈವಿಂಗ್ ಸ್ಕೂಲಿನ ಬಗ್ಗೆ ಕೇಳಿದಳು, ಹೊಸ ಕಾರಿನ ಬಗ್ಗೆ ಕೇಳಿದಳು. ಅವನು ಉತ್ತರ ಕೊಡುತ್ತ ಅವಳ ಕೈಯನ್ನೇ ನೋಡುತ್ತಿದ್ದ. ಕೈ ಮಡಿಲಲ್ಲಿತ್ತು. ಕರಿಪಫ್ಫಿನ ಮೇಲಿನ ಹಬೆ ಹೋಯಿತು. ನೂಡಲ್ಸ್ ಮೇಲೆ ಎಣ್ಣೆ ಕಟ್ಟತೊಡಗಿತು. ಅವನು ಒಂದು ತಟ್ಟೆಯನ್ನು ಮುಂದಕ್ಕೆ ಸರಿಸಿದ, ಅವಳು "ಹೂಂ ಪಾ, ಆಮೇಲೆ" ಎಂದಳು. ಇನ್ನೊಂದನ್ನು ಸರಿಸಿದ. "ಆಮೇಲೆ." ನನ್ನ ಕೈಯಿಂದ ತಿನ್ನಬಾರದು ಅಂತಲೇ ಇವಳಿಗೆ? ನಾನು ಮುಟ್ಟಿದ ತಟ್ಟೆ ಅಂತಲೇ? ಬೆಳಗಿನಿಂದ ಹುಳಿ ಕಾಫಿ ಕುಡಿದು, ಲಾರಿಯವರ ಕೈಲಿ ನಗಿಸಿಕೊಂಡು, ಯಾರದೋ ಅಡುಗೆಮನೆಯಲ್ಲಿ ಕಳ್ಳನ ಹಾಗೆ ಇಣುಕಿ... ಸಿಟ್ಟು ಹೊಟ್ಟೆಯ ಕಾಫಿಯ ಜೊತೆಗೇ ಮೇಲಕ್ಕೆ ಬಂತು. ಬರುತ್ತಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು, ಹಿಡಿಯಲು ಆಗಲಿಲ್ಲ. ಸೀಗಡಿ ನೂಡಲ್ಸಿನ ಬಟ್ಟಲನ್ನು ಅವಳ ಎದೆಗೆ ತಾಗುವಷ್ಟು ಮುಂದಕ್ಕೆ ತಳ್ಳಿದ. ಸಾರು ತುಳುಕಿ ಅವಳ ಬಟ್ಟೆಯ ಮೇಲೆ ಬಿತ್ತು.

"ತಿನ್ನು ಅಂದೆ! ಇನ್ನೇನು ಮಾಡ್ಬೇಕು ನಾನು? ಎಲ್ಲ ನಿಮ್ಮ ಪ್ರಕಾರವೇ ಇದೆಯಲ್ಲ! ಅಪ್ಪ ಕೊಟ್ಟಿದ್ದು ಅಂದ್ರೆ ಅಷ್ಟು ಅಸಹ್ಯನಾ?"

ಕೌಂಟರಿನ ಅಕ್ಕತಂಗಿಯರು ಬೇರೆಲ್ಲೋ ನೋಡಿದರು. ಪುಯ್ ಲೆಂಗ್ ಬಟ್ಟೆಯ ಮೇಲಿನ ಕಲೆಯನ್ನು ಕಾಗದದಿಂದ ಒತ್ತಿಕೊಂಡಳು, ಒಂದು ಸಲ, ಇನ್ನೊಂದು ಸಲ. ಆಮೇಲೆ ಬೇರೆ ಮೇಜಿನವರಿಗೆ ಕೇಳದ ಹಾಗೆ ಹೇಳಿದಳು: "ಉಪವಾಸ ಇದೀನಿ ಪಾ."

"ಉಪವಾಸದ ತಿಂಗಳು ಯಾವಾಗಲೋ ಮುಗೀತಲ್ಲ. ನಂಗೆ ಗೊತ್ತಿಲ್ವಾ?"

"ಹೋದ ಸಲದ್ದು ಬಿಟ್ಟುಹೋಗಿತ್ತು. ಮುಂದಿನ ತಿಂಗಳು ಮತ್ತೆ ಶುರುವಾಗುತ್ತೆ, ಅಷ್ಟರಲ್ಲಿ ಮುಗಿಸ್ಬೇಕು. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಸುಮ್ನೆ ಕಟ್ಟಿಸ್ಕೊಂಡು ಹೋಗಿ ಸಂಜೆ ತಿನ್ನೋಣ ಅಂತಿದ್ದೆ."

ಯಾಪ್‌ಗೆ ಏನಾದರೂ ಮಾತಾಡಬೇಕಿತ್ತು, ಏನಾದರೂ ಸರಿ, ತಳ್ಳಿದ ಬಟ್ಟಲಿನ ಬಗ್ಗೆ ಬಿಟ್ಟು. "ಎಷ್ಟು ದಿನ ಬಿಟ್ಟಿದ್ದೆ?" ಎಂದ.

"ಪೂರ್ತಿ. ಇಪ್ಪತ್ತೊಂಬತ್ತೂ. ಇನ್ನು ನಾಲ್ಕು ಉಳಿದಿದೆ."

ಇಪ್ಪತ್ತೊಂಬತ್ತು. ರೊಕಿಯಾಳ ಎದುರಿಗೆ ಕೂತವನಿಗೆ ಆ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪ್ರತಿ ವರ್ಷ ಅವಳೂ ಆರೇಳು ದಿನ ಹೀಗೆ ಅವೇಳೆಯಲ್ಲಿ ಉಪವಾಸ ಕೂರುತ್ತಿದ್ದಳು. ಹೆಂಗಸರದು ಮೇಷ್ಟ್ರೇ, ಆ ದಿನಗಳಲ್ಲಿ ಮಾಡೋ ಹಾಗಿಲ್ಲ, ಆಮೇಲೆ ಮಾಡಿ ಮುಗಿಸ್ಬೇಕು, ಎಂದು ನಾಚದೆ ಹೇಳುತ್ತಿದ್ದಳು. ಆರು, ಏಳು. ಒಂದು ವರ್ಷ ಮಾತ್ರ ತಿಂಗಳು ಪೂರ್ತಿಯದನ್ನು ವಾರಕ್ಕೆ ಎರಡರಂತೆ ಮಾಡುತ್ತ ಬಂದಿದ್ದಳು, ಆಗ ಇಡೀ ಆಫೀಸು ಅವಳ ಬೆನ್ನ ಹಿಂದೆ ತಿರುಗಿ ಕೂತು ತಿಂಡಿ ತಿನ್ನುತ್ತಿತ್ತು. ಹೆರಿಗೆ ರಜೆ ಮುಗಿಸಿ ಬಂದ ವರ್ಷ ಅದು. ಬಾಣಂತಿಗೆ ಉಪವಾಸವಿಲ್ಲ. ಯಾಪ್ ಮಗಳ ಮುಖ ನೋಡಿದ. ತುಂಬಿಕೊಂಡ ಕೆನ್ನೆ, ನಿದ್ದೆಗೆಟ್ಟ ಕಣ್ಣು. ಹೋದ ವರ್ಷ ಇದೇ ಸುಮಾರಿಗೆ ಯೋಕ್ ಲಾನ್, ಕ್ಲಾಂಗ್‌ನಲ್ಲಿರುವ ಅಕ್ಕನ ಸೊಂಟ ಮುರಿದಿದೆ ಎಂದು ಒಂದು ತಿಂಗಳು ಹೋಗಿದ್ದಳು. ಬಂದಾಗ ಅವಳ ಬಟ್ಟೆಗಳೆಲ್ಲ ಶುಂಠಿ ಮತ್ತು ಎಳ್ಳೆಣ್ಣೆಯ ವಾಸನೆ ಹೊಡೆಯುತ್ತಿದ್ದವು, ಚೀನೀ ಬಾಣಂತನದ ಮನೆಯ ವಾಸನೆ. ಸೊಂಟ ಮುರಿದವಳಿಗೆ ಯಾಕೆ ಇಷ್ಟು ಶುಂಠಿ ಎಂದು ಅವನು ಬೈದಿದ್ದ. ಅವಳು ನಕ್ಕಿದ್ದಳು. ಎಲ್ಲರಿಗೂ ಗೊತ್ತಿತ್ತು. ರೊಕಿಯಾಳಿಗೂ ಗೊತ್ತಿದ್ದರೆ ಆಶ್ಚರ್ಯವಿಲ್ಲ.

"ಗಂಡೋ ಹೆಣ್ಣೋ?" ಎಂದ.

ಅವಳು ಕಲೆ ಒರೆಸಿದ ಕಾಗದವನ್ನು ಮಡಚಿ ತಟ್ಟೆಯ ಪಕ್ಕ ಇಟ್ಟಳು. "ಹೆಣ್ಣು. ಹನ್ನೊಂದು ತಿಂಗಳು."

"ಹೆಸರು?"

"ಮೈಸಾರಾ. ಚೀನೀ ಹೆಸರೂ ಒಂದಿದೆ. ಅಮ್ಮ ಇಟ್ಟಿದ್ದು."

"ಏನಂತ?"

"ಅವಳನ್ನ ತೋರಿಸ್ದಾಗ ಹೇಳ್ತೀನಿ."

"ಎಲ್ಲಿದಾಳೆ ಈಗ?"

ಪುಯ್ ಲೆಂಗ್ ಕಿಟಕಿಯ ಕಡೆ ನೋಡಿದಳು. "ಕಾರಲ್ಲಿ. ರಸ್ತೆ ಆ ತುದೀಲಿ. ಅಫೆಂದಿ ಹತ್ರ ಇದಾಳೆ. ಕರ್ಕೊಂಡು ಬರೋದು ಅಂತಲೇ ಹೊರಟಿದ್ವಿ. ಮೊದ್ಲು ನಾನೊಬ್ಳೇ ಹೋಗಿ ನೋಡ್ತೀನಿ ಅಂದೆ."

"ಏನನ್ನ ನೋಡೋಕೆ?" ಎಂದು ಕೇಳಿದ ಕೂಡಲೇ ಅವನಿಗೆ ಉತ್ತರ ಗೊತ್ತಾಯಿತು. ಮೇಜಿನ ಮೇಲೆ ಚೆಲ್ಲಿದ್ದ ಸಾರು ಅಂಚಿಗೆ ಹರಿದು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತಿನ ಮೊದಲೇ ಕೈ ಹೋಗಿತ್ತು. ತಪ್ಪಾಯಿತು ಎಂದು ಹೇಳಲು ಅವನು ಬಾಯಿ ತೆರೆದ. ಬಂದದ್ದು, "ಹೋಗಿ ಕರ್ಕೊಂಡು ಬರ್ಲಾ? ನಾನೇ ಹೋಗಿ..." ಎಂಬ ಮಾತು.

"ಇವತ್ತು ಬೇಡ ಪಾ." ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಅವನಿಗೆ ಸಲೀಸಾಗುತ್ತಿತ್ತು. "ನಾನೇ ಫೋನ್ ಮಾಡ್ತೀನಿ. ಮುಂದಿನ ಸಲ ಜಾಗ ನಾನು ಹೇಳ್ತೀನಿ, ನೀನು ಹುಡುಕೋದು ಬೇಡ."

ಕೌಂಟರಿಗೆ ಹೋಗಿ ಅವಳು ಎಲ್ಲವನ್ನೂ ಕಟ್ಟಿಸಿದಳು. ಕರಿಪಫ್, ಬೋಂಡ, ಕೇಕು, ಅರ್ಧ ಚೆಲ್ಲಿದ ನೂಡಲ್ಸು ಕೂಡ, ಒಂದನ್ನೂ ಬಿಡಲಿಲ್ಲ. ಎರಡೂ ಕೈಯಲ್ಲಿ ಚೀಲ ಹಿಡಿದು ಅವನ ಪಕ್ಕ ನಿಂತು, "ಸಂಜೆ ತಿಂತೀನಿ. ಎಲ್ಲ ತಿಂತೀನಿ" ಎಂದಳು. ಆ ಕೊನೆಯ ಮಾತು ಎಲ್ಲಿಗೆ ತಾಗಿತೆಂದು ಅವಳಿಗೂ ಗೊತ್ತಾಗಿರಬೇಕು, ಚೀಲವಿದ್ದ ಕೈಯಿಂದಲೇ ಅವನ ಹೆಗಲನ್ನು ಮುಟ್ಟಿ ಹೋದಳು.

ಯಾಪ್ ಖಾಲಿ ಮೇಜಿನ ಮುಂದೆ ಕೂತಿದ್ದ. ರಸ್ತೆ ಒನ್‌ವೇ. ಕಾರು ಆ ತುದಿಯಿಂದ ಹೊರಟರೆ ಈ ಕಿಟಕಿಯ ಮುಂದೆಯೇ ಬರಬೇಕು, ಬೇರೆ ದಾರಿಯಿಲ್ಲ. ಈ ಬೀದಿಗಳನ್ನು ಸಾವಿರಾರು ಜನಕ್ಕೆ ಕಲಿಸಿದವನು ಅವನು. ಎದ್ದರೆ ಬಾಗಿಲಿಗೆ ಐದು ಹೆಜ್ಜೆ. ರಸ್ತೆಗಿಳಿದು ಕೈ ಅಡ್ಡ ಇಟ್ಟರೆ ನಿಲ್ಲಿಸುತ್ತಾರೆ. ಬಾಗಿಲು ತೆಗೆ ಎಂದರೆ ತೆಗೆಯುತ್ತಾರೆ, ಮಗುವನ್ನು ಕೊಡು ಎಂದರೆ ಕೊಡುತ್ತಾರೆ. ಅವಳು ಅತ್ತುಕೊಂಡೇ ಕೊಡುತ್ತಾಳೆ. ಬಿಳಿ ಕಾರೊಂದು ನಿಧಾನವಾಗಿ ಬಂತು. ಕಿಟಕಿಯ ಹತ್ತಿರ ಬಂದಾಗ ಅದು ಇನ್ನೂ ನಿಧಾನವಾದ ಹಾಗೆ ಅವನಿಗೆ ಕಂಡಿತು, ಹಿಂದಿನ ಸೀಟಿನಲ್ಲಿ ಏನೋ ಹಳದಿ ಬಣ್ಣದ್ದು ಅಲುಗಾಡಿದ ಹಾಗೆಯೂ. ಯಾಪ್ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿ, ಅವುಗಳ ಮೇಲೆ ಭಾರ ಬಿಟ್ಟು, ಕಾರು ಮಸೀದಿಯ ತಿರುವು ದಾಟುವವರೆಗೂ ಕೂತೇ ಇದ್ದ.